ಕುರಿಯ ಗ್ರಂಥಿಯಿಂದ ಪುಟ್ಟ ಮಾತ್ರೆಯವರೆಗೆ

ಥೈರಾಯಿಡ್ ಕೊರತೆಗೆ ಮಾತ್ರೆ ನುಂಗಲು ಆರಂಭಿಸಿದವರಲ್ಲಿ ಅನೇಕರು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬೇಸರಗೊಳ್ಳುತ್ತಾರೆ. ಆಯಾಸ ಪೂರ್ತಿ ಹೋಗಿರುವುದಿಲ್ಲ, ತೂಕ ಇಳಿದಿರುವುದಿಲ್ಲ, ಕೂದಲು ಉದುರುವುದು ನಿಂತಿರುವುದಿಲ್ಲ. ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ಒಂದರ ಬದಲು ಎರಡು ನುಂಗಿದರೆ ಬೇಗ ಗುಣವಾದೀತೆಂದು ಭಾವಿಸುತ್ತಾರೆ. ಎರಡೂ ಅಪಾಯದ ದಾರಿಗಳೇ. ಈ ಔಷಧಿ ಏಕಿಷ್ಟು ನಿಧಾನ? ವೈದ್ಯರು ಆರು ವಾರ ಕಾಯಿರಿ ಎನ್ನುವುದೇಕೆ? ಇದಕ್ಕೆ ಉತ್ತರ ಈ ಚಿಕಿತ್ಸೆ ಬೆಳೆದುಬಂದ ಬಗೆಯಲ್ಲೇ ಇದೆ. ಆ ಕಥೆ 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ, ಕುರಿಯ ಕೊರಳಿನ ಗ್ರಂಥಿಯೊಂದಿಗೆ ಆರಂಭವಾಯಿತು.

ಹೆಸರಿದ್ದೂ ಕೆಲಸ ತಿಳಿಯದ ಗ್ರಂಥಿ

ಗಂಟಲಿನ ಮುಂಭಾಗದಲ್ಲಿರುವ ಈ ನಿರ್ನಾಳ ಗ್ರಂಥಿಗೆ ಥೈರಾಯಿಡ್ ಎಂದು ಹೆಸರಿಟ್ಟವರು ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್. ಅದು 1656ನೇ ಇಸವಿ. ಗುರಾಣಿ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂತು. ಹೆಸರೇನೋ ಬಂತು, ಅದರ ಕೆಲಸವೇನೆಂಬುದು ಮಾತ್ರ ಮುಂದಿನ ಇನ್ನೂರು ವರ್ಷ ಯಾರಿಗೂ ಸ್ಪಷ್ಟವಾಗಲಿಲ್ಲ.

1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ನಡುವಯಸ್ಸಿನ ಮಹಿಳೆಯರನ್ನು ಕಾಡುವ ವಿಚಿತ್ರ ಕಾಯಿಲೆಯೊಂದನ್ನು ವರ್ಣಿಸಿದರು. ಮುಖ ಊದಿಕೊಳ್ಳುತ್ತದೆ, ಚರ್ಮ ಒಣಗುತ್ತದೆ, ಮಾತು ತಡವರಿಸುತ್ತದೆ, ಚಳಿ ತಡೆಯಲಾಗುವುದಿಲ್ಲ, ಬುದ್ಧಿಯೂ ಮಂಕಾಗುತ್ತದೆ. 1878ರಲ್ಲಿ ವಿಲಿಯಂ ಆರ್ಡ್ ಇದನ್ನು ‘ಮಿಕ್ಸಿಡೀಮಾ’ ಎಂದು ಕರೆದರು.

ಕಾಯಿಲೆಯ ಮೂಲ ಗೊತ್ತಾದದ್ದು ಶಸ್ತ್ರಚಿಕಿತ್ಸೆಯ ದುರಂತವೊಂದರಿಂದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಖರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ತಾವು ಹಿಂದೆ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ್ದ ರೋಗಿಗಳನ್ನು ಅವರು ಮತ್ತೆ ಕರೆಸಿ ನೋಡಿದರು. ಬಹುತೇಕ ಎಲ್ಲರೂ ಊದಿಕೊಂಡು, ಮಂಕಾಗಿ ಕೃಶರಾಗಿದ್ದರು. 1883ರಲ್ಲಿ ಕೋಖರ್ ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಥೈರಾಯಿಡ್ ಕುರಿತ ಕಾರ್ಯಕ್ಕಾಗಿ 1909ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇತ್ತ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಸಮಿತಿ ನೂರಕ್ಕೂ ಹೆಚ್ಚು ರೋಗಿಗಳ ವಿವರ ಪರಿಶೀಲಿಸಿ, ಇವೆಲ್ಲಕ್ಕೂ ಥೈರಾಯಿಡ್ ನಷ್ಟವೇ ಕಾರಣವೆಂದು 1888ರಲ್ಲಿ ವರದಿ ನೀಡಿತು. ಕಾರಣ ಸಿಕ್ಕಿತು, ಆದರೆ ಮದ್ದು ಸಿಗಲಿಲ್ಲ. ರೋಗಿ ವರ್ಷದಿಂದ ವರ್ಷಕ್ಕೆ ಕುಗ್ಗುವುದನ್ನು ಮನೆಯವರು ನೋಡುತ್ತಾ ಕೂರಬೇಕಿತ್ತು.

ಕರವಸ್ತ್ರದಲ್ಲಿ ಸೋಸಿದ ಮದ್ದು

1890ರಲ್ಲಿ ಲಿಸ್ಬನ್ನಿನ ವೈದ್ಯರಾದ ಬೆಟೆನ್‌ಕೋರ್ಟ್ ಮತ್ತು ಸೆರಾನೊ ಕುರಿಯ ಥೈರಾಯಿಡ್ ಗ್ರಂಥಿಯನ್ನು ಮಹಿಳೆಯೊಬ್ಬಳ ಚರ್ಮದಡಿ ಕಸಿ ಮಾಡಿದರು. ಮರುದಿನವೇ ಆಕೆ ಚೇತರಿಸಿಕೊಳ್ಳತೊಡಗಿದಳು. ಕಸಿ ಮಾಡಿದ ಅಂಗಕ್ಕೆ ಒಂದೇ ದಿನದಲ್ಲಿ ರಕ್ತನಾಳ ಬೆಳೆಯಲು ಸಾಧ್ಯವಿಲ್ಲ. ಹಾಗಾದರೆ ಗುಣ ನೀಡಿದ್ದು ಗ್ರಂಥಿಯಿಂದ ಒಸರಿದ ರಸವೇ ಇರಬೇಕು.

ಈ ಸುಳಿವನ್ನು ಹಿಡಿದವರು ನ್ಯೂಕ್ಯಾಸಲ್‌ನ ತರುಣ ವೈದ್ಯ ಜಾರ್ಜ್ ರೆಡ್‌ಮೇನ್ ಮರ್ರೆ. 1865ರಲ್ಲಿ ಹುಟ್ಟಿದ ಅವರಿಗೆ ಆಗಿನ್ನೂ ಇಪ್ಪತ್ತೈದರ ಆಸುಪಾಸು. ರಸವನ್ನೇ ಚುಚ್ಚುಮದ್ದಾಗಿ ಕೊಡಬಾರದೇಕೆ ಎಂದು ಸ್ಥಳೀಯ ವೈದ್ಯರ ಸಭೆಯಲ್ಲಿ ಅವರು ಕೇಳಿದಾಗ ಹಿರಿಯರೊಬ್ಬರು ಲೇವಡಿ ಮಾಡಿದರು. ಮರ್ರೆ ಹಿಂದೆಗೆಯಲಿಲ್ಲ. ಆಗತಾನೆ ಕೊಂದ ಕುರಿಯ ಗ್ರಂಥಿಯನ್ನು ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದ ದ್ರಾವಣದಲ್ಲಿ ನೆನೆಹಾಕಿ, ಕುದಿನೀರಿನಲ್ಲಿ ಅದ್ದಿ ಶುದ್ಧಗೊಳಿಸಿದ ಕರವಸ್ತ್ರದಲ್ಲಿ ಹಿಂಡಿ ರಸ ತೆಗೆದರು.

ಮೊದಲ ರೋಗಿ 46 ವರ್ಷದ ಮಹಿಳೆ. ಕೈಕಾಲು, ಮುಖ ಊದಿಕೊಂಡು, ಮಾತು ನಿಧಾನವಾಗಿ, ಹೊರಗಿನವರ ಮುಂದೆ ಬರಲೂ ಆಕೆ ಹಿಂಜರಿಯುತ್ತಿದ್ದಳು. ಮೊದಲು ವಾರಕ್ಕೆರಡು ಬಾರಿ, ಅನಂತರ ಎರಡು ಮೂರು ವಾರಕ್ಕೊಮ್ಮೆ ಚುಚ್ಚುಮದ್ದು ನೀಡಲಾಯಿತು. ಊತ ಇಳಿಯಿತು, ಮಾತು ಚುರುಕಾಯಿತು, ಚರ್ಮ ಮತ್ತೆ ಬೆವರತೊಡಗಿತು, ಆಕೆ ಮನೆಗೆಲಸಕ್ಕೆ ಮರಳಿದಳು. 1891ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ವರದಿಯನ್ನು ಪ್ರಕಟಿಸಿತು. ಆಕೆ ಮುಂದೆ 28 ವರ್ಷ ಬದುಕಿ 1919ರಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಆಕೆಗೆ ಬಳಕೆಯಾಗಿದ್ದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ!

1892ರಲ್ಲಿ ಸೂಜಿಯ ಕಾಟವೂ ತಪ್ಪಿತು. ಗ್ರಂಥಿಯನ್ನು ಬಾಯಿಯ ಮೂಲಕ ಕೊಟ್ಟರೂ ಸಾಕೆಂದು ಲಂಡನ್ನಿನ ಹೆಕ್ಟರ್ ಮೆಕೆಂಜಿ, ಪ್ಲಿಮತ್‌ನ ಎಡ್ವರ್ಡ್ ಫಾಕ್ಸ್ ತೋರಿಸಿದರು. ಫಾಕ್ಸ್ ಅವರ ರೋಗಿಗೆ ಕುರಿಯ ಅರ್ಧ ಗ್ರಂಥಿಯನ್ನು ಲಘುವಾಗಿ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯೊಂದಿಗೆ ವಾರಕ್ಕೊಮ್ಮೆ ತಿನ್ನಿಸಲಾಗುತ್ತಿತ್ತು.

ವಾರಕ್ಕೊಮ್ಮೆ ಸಾಕಾದದ್ದು ಹೇಗೆ?

ಇಲ್ಲೊಂದು ಸೋಜಿಗವಿದೆ. ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಮೂರು ವಾರಕ್ಕೊಮ್ಮೆ ಕೊಟ್ಟ ಮದ್ದು ಸಾಕಾದದ್ದು ಹೇಗೆ? ಅಂದಿನವರಿಗೆ ಇದರ ಗುಟ್ಟು ತಿಳಿದಿರಲಿಲ್ಲ. ಅದನ್ನು ಬಿಡಿಸಲು ಗ್ರಂಥಿಯ ಸಾರವನ್ನು ಬೇರ್ಪಡಿಸಬೇಕಿತ್ತು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್‌ಮಸ್ ದಿನ ಅದರ ಹರಳುಗಳನ್ನು ಪಡೆದರು. ಅದೇ ಥೈರಾಕ್ಸಿನ್. ಸುಮಾರು ಮೂರು ಟನ್ ಹಂದಿ ಗ್ರಂಥಿಗಳಿಂದ ಅವರಿಗೆ ದಕ್ಕಿದ್ದು 33 ಗ್ರಾಂ ಮಾತ್ರ. ಇದರ ರಾಸಾಯನಿಕ ರಚನೆಯನ್ನು ಚಾರ್ಲ್ಸ್ ಹ್ಯಾರಿಂಗ್‌ಟನ್ 1926ರಲ್ಲಿ ಬಿಡಿಸಿಟ್ಟರು. ಮರುವರ್ಷ ಜಾರ್ಜ್ ಬಾರ್ಜರ್ ಜತೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ದೇಹ ಸುಲಭವಾಗಿ ಹೀರಿಕೊಳ್ಳುವ ಸೋಡಿಯಂ ಲವಣದ ರೂಪದಲ್ಲಿ ಅದು ಬಳಕೆಗೆ ಬಂದದ್ದು 1950ರ ಸುಮಾರಿಗೆ.

ಥೈರಾಕ್ಸಿನ್ ರಕ್ತದಲ್ಲಿ ಬಹಳ ಕಾಲ ಉಳಿಯುತ್ತದೆ. ಇಂದು ಹೊಕ್ಕ ಹಾರ್ಮೋನಿನ ಅರ್ಧದಷ್ಟು ಕರಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಒಂದು ದಿನ ಮಾತ್ರೆ ಮರೆತರೆ ಗಾಬರಿಯಾಗಬೇಕಿಲ್ಲ. ಆದರೆ ಇದೇ ಗುಣದಿಂದಾಗಿ, ದಿನಕ್ಕೊಂದರಂತೆ ನುಂಗಿದ ಮಾತ್ರೆಗಳು ಸೇರುತ್ತಾ ಹೋಗಿ ರಕ್ತದಲ್ಲಿ ಒಂದು ಸ್ಥಿರ ಮಟ್ಟ ತಲುಪಲು ಐದಾರು ವಾರ ಹಿಡಿಯುತ್ತದೆ. ಮೂರನೇ ವಾರದಲ್ಲಿ ‘ಮದ್ದು ಹಿಡಿಯಲಿಲ್ಲ’ ಎನ್ನುವವರು ಅರ್ಧ ತುಂಬಿದ ಕೊಳಗ ನೋಡಿ ಅಳತೆ ಕಡಿಮೆ ಎಂದಂತೆ.

ಅಳತೆಯ ಪಾಠ

ಅವಸರ ಮಾಡಿದರೆ ಏನಾಗುತ್ತದೆಂಬುದನ್ನೂ ವೈದ್ಯರು ಆರಂಭದ ವರ್ಷಗಳಲ್ಲೇ ಕಂಡುಕೊಂಡರು. ಕೊರತೆಯಿರುವಾಗ ದೇಹದ ವ್ಯವಹಾರವೆಲ್ಲ ಮಂದಗತಿಯಲ್ಲಿರುತ್ತದೆ, ಹೃದಯವೂ ಅದಕ್ಕೆ ಒಗ್ಗಿಕೊಂಡಿರುತ್ತದೆ. ಹಠಾತ್ತನೆ ಹಾರ್ಮೋನು ಹೆಚ್ಚಿದರೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಅದರ ರಕ್ತನಾಳಗಳು ಮೊದಲೇ ಕಿರಿದಾಗಿದ್ದರೆ ಎದೆನೋವು, ಹೃದಯಾಘಾತದ ಭಯ. ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಇಂದಿಗೂ 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸಿ ಹಂತ ಹಂತವಾಗಿ ಏರಿಸುವುದು ಇದಕ್ಕಾಗಿಯೇ. ನವಜಾತ ಶಿಶುವಿನ ಮಾತು ಬೇರೆ. ಅಲ್ಲಿ ವಿಳಂಬವಾದರೆ ಮಿದುಳಿನ ಬೆಳವಣಿಗೆಗೇ ಧಕ್ಕೆ. ತಡಮಾಡದೆ ಪೂರ್ಣ ಪ್ರಮಾಣ ಕೊಡಬೇಕು. ಗರ್ಭಿಣಿಯರಲ್ಲೂ ಕಾಯುವ ಮಾತಿಲ್ಲ.

ಬಹುಕಾಲ ಪ್ರಮಾಣ ಸರಿಯೇ ಎಂದು ತಿಳಿಯಲು ವೈದ್ಯರಿಗಿದ್ದ ದಾರಿಗಳು ನಾಡಿ, ತೂಕ ಮತ್ತು ರೋಗಿಯ ಮಾತು. 1970ರ ದಶಕದಲ್ಲಿ ಟಿಎಸ್‌ಎಚ್ ರಕ್ತಪರೀಕ್ಷೆ ಬಳಕೆಗೆ ಬಂದಾಗ, ಅನೇಕರಿಗೆ ಅಗತ್ಯಕ್ಕಿಂತ ಹೆಚ್ಚು ಮದ್ದು ಹೋಗುತ್ತಿತ್ತೆಂಬುದು ಬಯಲಾಯಿತು. ಟಿಎಸ್‌ಎಚ್ ಎಂಬುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯಿಡ್‌ಗೆ ಕಳಿಸುವ ಆಜ್ಞೆ. ಕೊರತೆಯಿದ್ದರೆ ಆಜ್ಞೆ ಜೋರಾಗುತ್ತದೆ, ನೀಗಿದರೆ ತಗ್ಗುತ್ತದೆ. ಈ ಬದಲಾವಣೆಗೂ ಸಮಯ ಬೇಕು. ಎರಡೇ ವಾರಕ್ಕೆ ಪರೀಕ್ಷಿಸಿದರೆ ಸಿಗುವ ಅಂಕಿ ದಾರಿ ತಪ್ಪಿಸಬಹುದು. ಆರರಿಂದ ಎಂಟು ವಾರದ ನಂತರ ಪರೀಕ್ಷೆ ಮಾಡಿಸಿ ಪ್ರಮಾಣ ತಿದ್ದುವುದು ವಾಡಿಕೆ.

ಈ ವಾರಗಳಲ್ಲಿ ದೇಹ ಸುಮ್ಮನಿರುವುದಿಲ್ಲ. ಮೊದಲು ಇಳಿಯುವುದು ಕೊಬ್ಬಲ್ಲ, ಕಟ್ಟಿಕೊಂಡಿದ್ದ ನೀರು. ಎರಡು ಮೂರು ವಾರದಲ್ಲಿ ಹಲವರಿಗೆ ಮೈ ಹಗುರವೆನಿಸಬಹುದು. ಚರ್ಮ, ಕೂದಲು ಸರಿಹೋಗಲು ತಿಂಗಳುಗಳೇ ಬೇಕು. ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಕಂಡರೆ ವೈದ್ಯರಿಗೆ ಕೂಡಲೇ ತಿಳಿಸಬೇಕು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ ತಿನ್ನಬೇಕು. ನಮ್ಮ ಮನೆಗಳ ಬೆಳಗಿನ ಕಾಫಿಯೂ ಅಲ್ಲಿಯವರೆಗೆ ಕಾಯಬೇಕು, ಏಕೆಂದರೆ ಕಾಫಿ ಮದ್ದಿನ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರವಿರಲಿ.

ಒಂದು ಕಾಲಕ್ಕೆ ನೂರಾರು ಕುರಿಗಳಿಂದ ಹಿಂಡಬೇಕಿದ್ದ ಮದ್ದು ಇಂದು ಬೀದಿಯ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತಯಾರಿಸುವ ಬಗೆ ಬದಲಾಗಿದೆ, ಅಳೆಯುವ ಬಗೆಯೂ ಬದಲಾಗಿದೆ. ಬದಲಾಗದಿರುವುದು ಅದನ್ನು ಅರಗಿಸಿಕೊಳ್ಳುವ ದೇಹದ ವೇಗ. ವರ್ಷಗಳ ಕಾಲ ಮೆಲ್ಲಮೆಲ್ಲನೆ ಆವರಿಸಿದ ಕಾಯಿಲೆಯನ್ನು ಹಿಂದಿರುಗಿಸಲು ದೇಹ ಕೇಳುವ ಆರು ವಾರ, ಹಾಗೆ ನೋಡಿದರೆ, ದೊಡ್ಡ ಬೆಲೆಯೇನಲ್ಲ.