ಅಪೆಂಡಿಸೈಟಿಸ್: ಶಸ್ತ್ರಚಿಕಿತ್ಸೆಯ ಸಮಯನಿರ್ಣಯದ ಇತಿಹಾಸ

ದೊಡ್ಡ ಕರುಳಿನ ಮೊದಲ ಭಾಗಕ್ಕೆ ಬಾಲದಂತೆ ಅಂಟಿಕೊಂಡಿರುವ ಅಪೆಂಡಿಕ್ಸ್‌ನ ಉರಿಯೂತವೇ ಅಪೆಂಡಿಸೈಟಿಸ್. ಅದರ ನಾಳ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ರಕ್ತಸಂಚಾರ ಕುಂದಿ, ಗೋಡೆ ಕೊಳೆತು ತೂತಾಗಬಹುದು. ಆಗ ಕೀವು ಉದರದೊಳಗೆ ಹರಡಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಆದ್ದರಿಂದ ಹೊಟ್ಟೆಯನ್ನು ಯಾವಾಗ ತೆರೆಯಬೇಕು ಎಂಬುದು ಈ ರೋಗದ ಚಿಕಿತ್ಸೆಯಲ್ಲಿ ಮೊದಲಿನಿಂದಲೂ ಮುಖ್ಯ ಪ್ರಶ್ನೆ.

ಬೇಗ ಕೊಯ್ಯುವ ವಾದ: 19ನೆಯ ಶತಮಾನದ ಬಹುಭಾಗ ವೈದ್ಯರು ಅಫೀಮು ಕೊಟ್ಟು ಕಾಯುತ್ತಿದ್ದರು, ಕೀವು ಗಡ್ಡೆ ಕಟ್ಟಿದ ಮೇಲಷ್ಟೇ ಶಸ್ತ್ರ ಹಿಡಿಯುತ್ತಿದ್ದರು. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಅಪೆಂಡಿಕ್ಸ್ ತೂತಾದ 257 ಪ್ರಕರಣಗಳನ್ನು ಪರಿಶೀಲಿಸಿ, ರೋಗವನ್ನು ಬೇಗ ಗುರುತಿಸಿ ಬೇಗ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಪ್ರತಿಪಾದಿಸಿದರು. 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ ಹೊಟ್ಟೆಯ ಬಲ ಕೆಳಭಾಗದಲ್ಲಿ ಒತ್ತಿದಾಗ ಹೆಚ್ಚು ನೋಯುವ ಜಾಗವನ್ನು ವಿವರಿಸಿದ್ದರಿಂದ ಬೇಗ ಗುರುತಿಸುವುದೂ ಸುಲಭವಾಯಿತು.

ಟ್ರೀವ್ಸ್ ಮತ್ತು ದೊರೆ: ಲಂಡನ್ನಿನ ಫ್ರೆಡರಿಕ್ ಟ್ರೀವ್ಸ್, ನೋವು ಶಮನವಾದ ಬಳಿಕ ಕೊಯ್ಯುವುದೇ ಕ್ಷೇಮವೆನ್ನುತ್ತಿದ್ದರು. ಅವರ ಮಗಳೇ 1900ರಲ್ಲಿ ಈ ರೋಗಕ್ಕೆ ಬಲಿಯಾದಳು. 1902ರ ಜೂನ್ 26ಕ್ಕೆ ನಿಗದಿಯಾಗಿದ್ದ ಬ್ರಿಟನ್ನಿನ ದೊರೆ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಎರಡೇ ದಿನ ಉಳಿದಿದ್ದಾಗ, ಇದೇ ರೋಗಕ್ಕೆ ತುತ್ತಾಗಿದ್ದ ದೊರೆಗೆ ಟ್ರೀವ್ಸ್ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಶಸ್ತ್ರಚಿಕಿತ್ಸೆ ನಡೆಸಿದರು. ಅಪೆಂಡಿಕ್ಸನ್ನು ಮುಟ್ಟದೆ ಕೀವನ್ನಷ್ಟೇ ಹೊರತೆಗೆದರು. ದೊರೆ ಚೇತರಿಸಿಕೊಂಡು ಆಗಸ್ಟ್ 9ರಂದು ಕಿರೀಟ ಧರಿಸಿದ.

ಕಾಯುವ ವಾದ: ಇದೇ ಕಾಲದಲ್ಲಿ ಷಿಕಾಗೋದ ಆಲ್ಬರ್ಟ್ ಆಕ್ಸ್‌ನರ್, ಸೋಂಕು ಉದರವಿಡೀ ಹರಡಿ ಬಸವಳಿದ ರೋಗಿಗೆ ಬಾಯಿಂದ ಆಹಾರವನ್ನಾಗಲಿ ಭೇದಿಯ ಔಷಧವನ್ನಾಗಲಿ ಕೊಡದೆ, ಕರುಳಿಗೆ ವಿಶ್ರಾಂತಿ ನೀಡಿ ಕಾಯುವ ಕ್ರಮವನ್ನು ಮುಂದಿಟ್ಟರು. ಹೊಟ್ಟೆನೋವೆಂದರೆ ಹರಳೆಣ್ಣೆ ಕುಡಿಸುವ ರೂಢಿಯಿದ್ದ ದಿನಗಳಲ್ಲಿ ಈ ಎಚ್ಚರಿಕೆಗೆ ದೊಡ್ಡ ಬೆಲೆಯಿತ್ತು.

ಇತ್ತೀಚಿನ ಅಧ್ಯಯನಗಳು: ಆ್ಯಂಟಿಬಯೋಟಿಕ್ ಮತ್ತು ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಯಾರು ಕಾಯಬಹುದೆಂದು ವಿಂಗಡಿಸುವುದು ಸಾಧ್ಯವಾಯಿತು. 2015ರ ಫಿನ್ಲೆಂಡ್ ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಮಾತ್ರ ಪಡೆದವರಲ್ಲಿ ಶೇ. 27 ಮಂದಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾಯಿತು. 2023ರಲ್ಲಿ ಪ್ರಕಟವಾದ ಫಿನ್ಲೆಂಡ್–ನಾರ್ವೆ ಅಧ್ಯಯನ, ತೊಡಕಿಲ್ಲದ ಅಪೆಂಡಿಸೈಟಿಸ್ ಇದೆಯೆಂದು ನಿರ್ಣಯಿಸಲಾದ ವಯಸ್ಕರನ್ನು ಶಸ್ತ್ರಚಿಕಿತ್ಸೆಗೆ 8 ಗಂಟೆ ಮತ್ತು 24 ಗಂಟೆಗಳ ಗಡುವಿನ ಎರಡು ಗುಂಪುಗಳಾಗಿ ಹೋಲಿಸಿತು. ತೂತಾದ ಪ್ರಮಾಣ ಶೇ. 8 ಮತ್ತು 9. ಹೆಚ್ಚಿನ ಅಂತರ ಕಾಣಲಿಲ್ಲ.

ಈ 24 ಗಂಟೆಗಳ ಲೆಕ್ಕ ರೋಗ ಪತ್ತೆಯಾದ ಮೇಲಿನದು. ಮನೆಯಲ್ಲಿ ನೋವು ನುಂಗಿಕೊಂಡು ಕೂತವರಿಗಾಗಲಿ, ಸೋಂಕು ಉದರಕ್ಕೆ ಹರಡಿದವರಿಗಾಗಲಿ ಅದು ಅನ್ವಯಿಸದು.