ಬದಲಾಪುರದಿಂದ ಭೋರ್ ಘಾಟಿಗೆ: ಉಲ್ಹಾಸ್ ಕಣಿವೆಯ ಹಳೆಯ ಕಾಲುದಾರಿ



ಬೆಳಗಿನ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೊರಟವರು ಕಲ್ಯಾಣ್ ಬಿಟ್ಟ ಕೂಡಲೇ ಏನು ಮಾಡುತ್ತೇವೆ? ಸಾಮಾನನ್ನು ಸೀಟಿನ ಕೆಳಗೆ ತುರುಕಿ, ಅವಲಕ್ಕಿ ಡಬ್ಬಿ ಬಿಚ್ಚುತ್ತೇವೆ. ಅಷ್ಟರಲ್ಲಿ ಅಂಬರನಾಥ, ಬದಲಾಪುರ, ವಾಂಗಣಿ, ನೇರಳ್ ಹಿಂದೆ ಸರಿದಿರುತ್ತವೆ. ಕರ್ಜತ್‌ನಲ್ಲಿ ವಡಾಪಾವ್ ಮಾರುವವರ ಕೂಗು, ಹಿಂದಿನಿಂದ ನೂಕುವ ಎಂಜಿನ್ ಜೋಡಿಸಿದಾಗ ಒಂದು ಸಣ್ಣ ಧಕ್ಕೆ. ಆಮೇಲೆ ಸುರಂಗಗಳ ಕತ್ತಲೆ, ನಡುನಡುವೆ ಬೆಳಕು. ಆ ಬೆಳಕಿನಲ್ಲಿ ಆಳವಾದ ಹಸಿರು ಕಮರಿ, ಅದರ ಗೋಡೆಗಳಿಂದ ಬಿಳಿ ದಾರಗಳಂತೆ ಇಳಿಯುವ ನೀರು ಕಾಣುತ್ತದೆ. ಮಕ್ಕಳು ಕೂಗುತ್ತಾರೆ, ನಾವೂ ಒಮ್ಮೆ ಬಗ್ಗಿ ನೋಡುತ್ತೇವೆ. ಅದೇ ಉಲ್ಹಾಸ್ ಕಣಿವೆ.

ನಮ್ಮ ಬದಲಾಪುರದ ಮನೆಗಳ ನಲ್ಲಿಗೆ ಬರುವ ನೀರು ಹುಟ್ಟುವುದು ಅಲ್ಲಿಯೇ. ಖಂಡಾಳಾ–ರಾಜಮಾಚಿ ಗುಡ್ಡಗಳ ನಡುವಿನಿಂದ ಕೆಳಗೆ ಧುಮುಕುವ ಉಲ್ಹಾಸ್ ಕರ್ಜತ್, ನೇರಳ್, ಬದಲಾಪುರ, ಕಲ್ಯಾಣ್ ದಾಟಿ ವಸಯಿ ಖಾರಿಗೆ ಸೇರುತ್ತದೆ. ಉದ್ದ ಸುಮಾರು 120 ಕಿಲೋಮೀಟರು. ನಮ್ಮ ಕಾವೇರಿ, ಕೃಷ್ಣೆಯರ ಮುಂದೆ ಇದೊಂದು ತೊರೆ ಎನ್ನಿ. ಆದರೆ ಈ ತೊರೆ ಕೊರೆದ ಕಮರಿಯ ಅಂಚಿನಲ್ಲಿ ಜನ ಎರಡು ಸಾವಿರ ವರ್ಷಗಳಿಂದ ನಡೆಯುತ್ತಿದ್ದಾರೆ. ಈಗ ಶನಿವಾರ ರಾತ್ರಿ ಬೆನ್ನಿಗೆ ಚೀಲ ಹಾಕಿಕೊಂಡು ಕೊನೆಯ ಕರ್ಜತ್ ಲೋಕಲ್ ಹತ್ತುವ ಹುಡುಗ ಹುಡುಗಿಯರು ಹಿಡಿಯುವುದೂ ಅದೇ ದಾರಿಯನ್ನು.

ದಾರಿ ಯಾಕೆ ಬಂತು? ಕಲ್ಯಾಣ್ ಬಂದರಿನಿಂದ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯಲ್ಲಿ ಕಲ್ಯಾಣದ ಹೆಸರು ‘ಕಲ್ಲಿಯೇನ’ ಎಂದಿದೆ. ಬಂದರಿಗೆ ಬಂದ ಸರಕು ಒಳನಾಡಿಗೆ ಹೋಗಬೇಕು, ಒಳನಾಡಿನ ಹತ್ತಿಬಟ್ಟೆ ಹಡಗಿಗೆ ಬರಬೇಕು. ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಏಳಬೇಕಾದರೆ ಎಲ್ಲಿ ಬಿರುಕಿದೆಯೋ ಅಲ್ಲೇ ಏಳಬೇಕು. ಒಂದು ಬಿರುಕು ಮುರಬಾಡ್ ಕಡೆಯ ನಾಣೇಘಾಟ್. ಇನ್ನೊಂದು ಉಲ್ಹಾಸ್ ಕಣಿವೆಯ ಬದಿಯ ಭೋರ್ ಘಾಟ್.

ಕರ್ಜತ್‌ನಿಂದ ರಿಕ್ಷಾ ಹಿಡಿದು ಕೊಂಡಿವಡೆ ಎಂಬ ಹಳ್ಳಿಗೆ ಹೋದರೆ ಅಲ್ಲಿಂದ ಕಾಲುದಾರಿ ಶುರು. ಒಂದು, ಒಂದೂವರೆ ಗಂಟೆ ಕಾಡಿನಲ್ಲಿ ಏರಿದರೆ ಕೊಂಡಾಣೆ ಗುಹೆಗಳು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಹೊತ್ತಿಗೆ ಬೌದ್ಧ ಭಿಕ್ಷುಗಳಿಗಾಗಿ ಕೊರೆದದ್ದು. ಚೈತ್ಯದ ಮುಂಭಾಗ ನೋಡಿದರೆ ಮರದ ಮನೆಯೇ ಎನಿಸುತ್ತದೆ. ತೊಲೆ, ಕಟಕಟೆ, ಕಮಾನು ಎಲ್ಲವನ್ನೂ ಬಡಗಿ ಮಾಡಿದ ಹಾಗೆ ಕರಿಕಲ್ಲಿನಲ್ಲಿ ಕಡೆದಿದ್ದಾರೆ. ಮಳೆಗಾಲದಲ್ಲಿ ಮೇಲಿನ ಬಂಡೆಯಿಂದ ನೀರು ಪರದೆಯಂತೆ ಗುಹೆಗಳ ಬಾಯಿಗೇ ಬೀಳುತ್ತದೆ. ಒಳಗೆ ನಿಂತು ನೀರಿನ ಹಿಂದಿನಿಂದ ಕಣಿವೆ ನೋಡುವ ಸುಖವೇ ಬೇರೆ. ಹೆಚ್ಚಿನವರು ಅಲ್ಲಿ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಸ್ವಲ್ಪ ನಿಧಾನಿಸಿ, ಚೈತ್ಯದ ಮುಂಭಾಗದಲ್ಲಿ ಒಡೆದ ಶಿಲ್ಪವೊಂದರ ಪಕ್ಕದ ಬ್ರಾಹ್ಮಿ ಅಕ್ಷರಗಳನ್ನು ನೋಡಬೇಕು. ಒಂದೇ ಸಾಲು. ಕಣ್ಹನ ಶಿಷ್ಯನಾದ ಬಲಕ ಇದನ್ನು ಮಾಡಿದ ಎಂಬುದು ಅದರ ಅರ್ಥ. ರಾಜನ ಹೆಸರಿಲ್ಲ, ಬಿರುದಿಲ್ಲ. ಗುರುವಿನ ಹೆಸರು ಹೇಳಿ, ತನ್ನ ಹೆಸರು ಹೇಳಿ, ಮುಗಿಸಿದ್ದಾನೆ.

ಗುಹೆ ಬಿಟ್ಟು ಇನ್ನೂ ಏರಿದರೆ ರಾಜಮಾಚಿ. ಶ್ರೀವರ್ಧನ, ಮನರಂಜನ ಎಂಬ ಅವಳಿ ಕೋಟೆಗಳು, ಅವುಗಳ ಮಡಿಲಲ್ಲಿ ಉಧೇವಾಡಿ ಎಂಬ ಪುಟ್ಟ ಹಳ್ಳಿ. ಶಿವಾಜಿ ಮಹಾರಾಜರ ಕಾಲದಲ್ಲಿ ಮರಾಠರ ಕೈಗೆ ಬಂದ ಕೋಟೆ 1818ರಲ್ಲಿ ಇಂಗ್ಲಿಷರದ್ದಾಯಿತು. ಘಾಟಿಯಲ್ಲಿ ಯಾರು ಏರಿದರು, ಯಾರು ಇಳಿದರು ಎಂದು ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು. ಸಮೀಪದಲ್ಲೇ ಕಾತಳಧಾರ ಜಲಪಾತ ಉಲ್ಹಾಸ್ ಕಮರಿಗೆ ಬೀಳುತ್ತದೆ.

ರಾಜಮಾಚಿಯಿಂದ ಬಯಲು ದಾರಿ ಲೋಣಾವಳಾಕ್ಕೆ, ಅಲ್ಲಿಂದ ಮುಂದೆ ಕಾರ್ಲಾ ಗುಹೆಗಳಿಗೆ. ಇಲ್ಲಿ ನಮ್ಮ ಕಿವಿ ನೆಟ್ಟಗಾಗುವ ಮಾತೊಂದಿದೆ. ಭಾರತದ ಕಲ್ಲು ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದಾದ ಕಾರ್ಲಾದ ಚೈತ್ಯದ ಮೊಗಸಾಲೆಯಲ್ಲಿ ಒಂದು ಶಾಸನ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಎನ್ನುತ್ತದೆ ಅದು. ವೈಜಯಂತಿ ಎಂದರೆ ಬನವಾಸಿ ಎಂದೇ ವಿದ್ವಾಂಸರು ಗುರುತಿಸುತ್ತಾರೆ. ಕದಂಬರು ತಮ್ಮ ರಾಜಧಾನಿಯನ್ನು ಅದೇ ಹೆಸರಿನಿಂದ ಕರೆದರು. ಅಂದರೆ ವರದಾ ನದಿಯ ದಡದ ವ್ಯಾಪಾರಿಯೊಬ್ಬ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಭೋರ್ ಘಾಟಿನ ನೆತ್ತಿಯ ಮೇಲೆ ತನ್ನ ದುಡ್ಡು ಸುರಿದಿದ್ದಾನೆ. ವ್ಯಾಪಾರವಿಲ್ಲದ ಕಡೆ ಶೆಟ್ಟಿ ದಾನ ಮಾಡುವನೇ? ಅವನ ಸರಕಿನ ಎತ್ತುಗಳು ಈ ಘಾಟಿಯಲ್ಲಿ ಇಳಿದು ನಮ್ಮ ಬದಲಾಪುರದ ಬಯಲು ದಾಟಿ ಕಲ್ಯಾಣಕ್ಕೆ ಹೋಗಿರಬೇಕು ಎಂದು ನಾನು ಊಹಿಸುತ್ತೇನೆ.

ಇದನ್ನು ಕೇಳಿದ ಕೂಡಲೇ ನಮ್ಮವರು ಕೆಲವರು, ‘ನೋಡಿ, ಇದೆಲ್ಲ ಮೊದಲು ನಮ್ಮದೇ’ ಎಂದು ಮೇಜು ಕುಟ್ಟುವುದುಂಟು. ರಾಷ್ಟ್ರಕೂಟರ ಮಾತು ಬಂದರಂತೂ ಕೇಳುವುದೇ ಬೇಡ. ನಿಜ, ಬೋರಿವಲಿಯ ಕಾನ್ಹೇರಿ ಗುಹೆಯಲ್ಲಿ ಶಕವರ್ಷ 765ರ, ಅಂದರೆ ಕ್ರಿ.ಶ. 843ರ ಸುಮಾರಿನ ಶಾಸನದಲ್ಲಿ ಅಮೋಘವರ್ಷನ ಹೆಸರಿದೆ. ಅವನ ಕೆಳಗೆ ಕೊಂಕಣ ಆಳುತ್ತಿದ್ದವನು ಶಿಲಾಹಾರ ಪುಲ್ಲಶಕ್ತಿ. ಅದೇ ಶಿಲಾಹಾರ ವಂಶದವರು 1060ರಲ್ಲಿ ಮುಗಿಸಿದ ಶಿವಾಲಯ ನಮ್ಮ ಪಕ್ಕದ ಸ್ಟೇಷನ್ ಅಂಬರನಾಥದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ಆದರೆ ಭೂತಪಾಲ ಕಾರ್ಲಾವನ್ನು ಗೆದ್ದವನಲ್ಲ, ಕೊಟ್ಟವನು. ಅದೇ ಚೈತ್ಯದ ಕಂಬಗಳಿಗೆ ಯವನರೂ ದಾನ ಮಾಡಿದ್ದಾರೆ. ಪರ ಊರಿಗೆ ಬಂದು ದುಡಿದು, ಆ ಊರಿಗೂ ಒಂದಿಷ್ಟು ಕೊಟ್ಟವರ ಸಾಲಿನಲ್ಲಿ ನಿಲ್ಲುವುದೇ ನನಗೆ ಹೆಚ್ಚು ಹಿತ.

ಇನ್ನು ರೈಲಿನ ಕಥೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ರೈಲು 1854ರಲ್ಲಿ ಕಲ್ಯಾಣ ಮುಟ್ಟಿತು. 1856ರಲ್ಲಿ ಬದಲಾಪುರದ ಬಯಲು ದಾಟಿ ಘಾಟಿನ ಬುಡದ ಖೋಪೋಲಿಗೆ ಬಂತು. ಅದೇ ವರ್ಷ ಬೆಟ್ಟ ಕೊರೆಯುವ ಕೆಲಸವೂ ಆರಂಭವಾಯಿತು. ಸುಮಾರು ಹದಿನಾರು ಮೈಲಿಯಲ್ಲಿ 1,831 ಅಡಿ ಏರಬೇಕು. ಇಪ್ಪತ್ತಕ್ಕೂ ಹೆಚ್ಚು ಸುರಂಗಗಳು, ಎಂಟು ದೊಡ್ಡ ಸೇತುವೆಗಳು. 1861ರಲ್ಲಿ ಒಂದೇ ಕಾಲಕ್ಕೆ 42,000 ಜನ ಈ ಇಳಿಜಾರಿನಲ್ಲಿ ಕೆಲಸ ಮಾಡುತ್ತಿದ್ದರು. ಸುರಂಗ ಸ್ಫೋಟ, ಜಾರಿ ಬೀಳುವುದು ಒಂದು ಕಡೆ, ಕಾಲರಾ ಇನ್ನೊಂದು ಕಡೆ. ಸಾವಿರಾರು ಜನ ಸತ್ತರು. ಕೂಲಿ ಸರಿಯಾಗಿ ಕೈಗೆ ಬರಲಿಲ್ಲವೆಂದು 1859ರ ಜನವರಿಯಲ್ಲಿ ಕೆಲಸಗಾರರು ದಂಗೆಯೆದ್ದರು. ಗುತ್ತಿಗೆದಾರ ಫೇವಿಯೆಲ್ ಕೆಲಸ ಬಿಟ್ಟ. ಹೊಸದಾಗಿ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಊರಿಗೆ ಹಿಂತಿರುಗಲಿಲ್ಲ. ಗುತ್ತಿಗೆಯನ್ನು ತಾನೇ ವಹಿಸಿಕೊಂಡು, ಎಂಜಿನಿಯರುಗಳನ್ನು ಇಟ್ಟು ಮುಗಿಸಿದಳು. 1863ರ ಏಪ್ರಿಲ್ 21ರಂದು ಗವರ್ನರ್ ಬಾರ್ಟಲ್ ಫ್ರಿಯರ್ ದಾರಿಯನ್ನು ಉದ್ಘಾಟಿಸಿದ.

ಆಲಿಸಳ ಹೆಸರು ಉಳಿಯಿತು, ಫ್ರಿಯರನದೂ ಉಳಿಯಿತು. ಬಲಕ ಒಬ್ಬ ಶಿಲ್ಪಿ, ಎರಡು ಸಾವಿರ ವರ್ಷ ಆದ ಮೇಲೂ ಅವನ ಹೆಸರು ನಮಗೆ ಗೊತ್ತು. ನೂರೈವತ್ತು ಚಿಲ್ಲರೆ ವರ್ಷಗಳ ಹಿಂದಿನ ಆ 42,000 ಜನರಲ್ಲಿ ಒಬ್ಬನ ಹೆಸರನ್ನೂ ಯಾವ ಸುರಂಗದ ಬಾಯಲ್ಲೂ ಕೆತ್ತಲಿಲ್ಲ. ಹಳೆಯ ಮುಂಬಯಿ–ಪುಣೆ ರಸ್ತೆಯಲ್ಲಿ ಮಾತ್ರ ಶಿಂಗ್ರೋಬಾ ಎಂಬ ಸಣ್ಣ ಗುಡಿಯಿದೆ. ಲಾರಿ ಚಾಲಕರು ಅಲ್ಲಿ ನಾಣ್ಯ ಎಸೆದು ಕೈಮುಗಿದು ಹೋಗುತ್ತಾರೆ. ಶಿಂಗ್ರೋಬಾ ಧನಗರ, ನಮ್ಮ ಕಡೆಯ ಕುರುಬರಂತೆ ಕುರಿ ಕಾಯುವವನು. ಘಾಟಿನ ದಾರಿ ತಿಳಿಯದೆ ಒದ್ದಾಡುತ್ತಿದ್ದ ಇಂಗ್ಲಿಷರಿಗೆ ದಾರಿ ತೋರಿಸಿದನಂತೆ. ಏನು ಬೇಕು ಕೇಳು ಎಂದಾಗ ಸ್ವಾತಂತ್ರ್ಯ ಕೊಡಿ ಎಂದನಂತೆ. ಗುಂಡಿಟ್ಟು ಕೊಂದರಂತೆ. ಇದು ಜನ ಹೇಳುವ ಕಥೆ, ದಾಖಲೆಯಲ್ಲ. ಆದರೆ ಸಾವಿರಾರು ಸಾವುಗಳಿಗೆ ಜನ ತಾವೇ ಕಟ್ಟಿಕೊಂಡ ಸ್ಮಾರಕ ಅದು ಎಂದು ನನಗೆ ಅನಿಸುತ್ತದೆ.

ಈಗಿನ ಮಾತಿಗೆ ಬರೋಣ. ಬದಲಾಪುರ ಪೂರ್ವದಿಂದ ಭೋಜ್ ಕೆರೆಯ ಬದಿಯಲ್ಲಿ ಹೋದರೆ ಕೊಂಡೇಶ್ವರ. ಶಿವನ ಗುಡಿ, ಪಕ್ಕದಲ್ಲಿ ಜಲಪಾತ, ಅದರ ಕೆಳಗೆ ಆಳವಾದ ಕುಂಡ. ನೋಡಲು ಶಾಂತ, ಒಳಗೆ ಕಲ್ಲಿನ ಪೊಟರೆಗಳು. ಜೂನ್, ಜುಲೈಯಲ್ಲಿ ಅಲ್ಲಿ ಮುಳುಗಿದ ಹುಡುಗರ ಸುದ್ದಿ ಓದದ ವರ್ಷ ಕಡಿಮೆ. ಹಾಗಾಗಿ ಮಳೆಗಾಲದಲ್ಲಿ ಪೊಲೀಸರು ನಿಷೇಧಾಜ್ಞೆ ಹಾಕುತ್ತಾರೆ, ಜನ ಬೇಸರಪಡುತ್ತಾರೆ. ನಾನೂ ಒಮ್ಮೆ ಕಾವಲು ಕೋಲಿನ ಈಚೆಗೇ ನಿಂತು ಬೈದುಕೊಂಡು ಹಿಂತಿರುಗಿದವನೇ. ಪಕ್ಕದಲ್ಲಿ ಕರವಂದ, ಅಂದರೆ ನಮ್ಮ ಕವಳಿ ಹಣ್ಣು, ಮಾರುತ್ತಿದ್ದ ಠಾಕರ ಸಮಾಜದ ಮುದುಕಿ ನಕ್ಕು, ‘ಬೆಟ್ಟದ ಮೇಲೆ ಮಳೆ ಸುರಿಯುತ್ತಿದೆ ಬಾಳಾ, ನಿನಗೆ ಇಲ್ಲಿ ಬಿಸಿಲು ಕಾಣುತ್ತಿದೆ ಅಷ್ಟೆ’ ಎಂದಳು, ಅವಳ ಮರಾಠಿಯಲ್ಲಿ. ಅರ್ಧ ಗಂಟೆಯಲ್ಲಿ ಹಳ್ಳ ಕೆಂಪಾಗಿ ಇಳಿಯಿತು.

ಈ ಮಾತಿನ ಸತ್ಯ ಬದಲಾಪುರದ ಹಳಬರಿಗೆ 2005ರ ಜುಲೈ 26ರಂದೇ ತಿಳಿದಿತ್ತು. 2019ರ ಜುಲೈ 26ರ ರಾತ್ರಿ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ–ವಾಂಗಣಿ ನಡುವೆ ಉಲ್ಹಾಸ್ ನೆರೆಯಲ್ಲಿ ಸಿಕ್ಕಿಬಿತ್ತು. ಮರುದಿನ ಎನ್‌ಡಿಆರ್‌ಎಫ್, ನೌಕಾಪಡೆ, ಸುತ್ತಲಿನ ಹಳ್ಳಿಯವರು ಸೇರಿ ಸುಮಾರು ಒಂದು ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ದಾಟಿಸಿದರು.

ಹೋಗುವುದಾದರೆ ಮಳೆ ತಗ್ಗಿದ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರಿನಲ್ಲಿ ಹೋಗಿ. ಕೊಂಡಿವಡೆಯಲ್ಲಿ ಹಳ್ಳಿಯವರೊಬ್ಬರನ್ನು ದಾರಿಗೆ ಜೊತೆ ಕರೆದುಕೊಳ್ಳಿ, ಅವರ ದಿನಗೂಲಿ ಚೌಕಾಶಿ ಮಾಡಬೇಡಿ. ಸಂಜೆ ಕರ್ಜತ್‌ನಿಂದ ಲೋಕಲ್‌ನಲ್ಲಿ ಹಿಂತಿರುಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ವಾಂಗಣಿ ಬರುವ ಹೊತ್ತಿಗೆ ಚಂದೇರಿ ಶಿಖರದ ಹಿಂದೆ ಸೂರ್ಯ ಇಳಿಯುತ್ತಿರುತ್ತಾನೆ.