ಸಹಿ ಹಾಕಿಸಿಕೊಂಡ ಮೌನ

ಪಾದ್ರಿಯಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಬಾಯಿಬಿಟ್ಟರೆ ಮೊದಲು ಏಳುವ ಪ್ರಶ್ನೆ, ‘ಆಗಲೇ ಯಾಕೆ ಹೇಳಲಿಲ್ಲ?’ ಐರ್ಲೆಂಡಿನ ದಾಖಲೆಗಳನ್ನು ಓದಿದವರಿಗೆ, ಈ ಪ್ರಶ್ನೆ ಕೇಳಬೇಕಾದದ್ದು ಅವರನ್ನಲ್ಲ ಎಂಬುದು ಬೇಗ ಹೊಳೆಯುತ್ತದೆ. ನಾಚಿಕೆ ಇತ್ತು, ಮನೆಯವರೇ ನಂಬಲಿಕ್ಕಿಲ್ಲವೆಂಬ ಅಂಜಿಕೆಯೂ ಇತ್ತು. ಶಾಲೆಗಳೂ ಅನಾಥಾಲಯಗಳೂ ಬಹುಮಟ್ಟಿಗೆ ಚರ್ಚಿನ ಕೈಯಲ್ಲಿದ್ದ ದೇಶದಲ್ಲಿ ಪಾದ್ರಿಯ ಮೇಲೆ ದೂರು ಹೇಳುವ ಹುಡುಗ ಊರನ್ನೇ ಎದುರು ಹಾಕಿಕೊಳ್ಳಬೇಕಿತ್ತು. ಅಷ್ಟಿದ್ದೂ ಕೆಲವರು ಹೇಳಿದ್ದರು. ಹೇಳಿದ್ದು ಹೊರಗೆ ಹೋಗದಂತೆ ನೋಡಿಕೊಂಡವರು ಬೇರೆ.

1975ರಲ್ಲಿ ಬ್ರೆಂಡನ್ ಸ್ಮಿತ್ ಎಂಬ ಪಾದ್ರಿಯ ವಿರುದ್ಧ ಚರ್ಚು ಒಳಗೊಳಗೇ ವಿಚಾರಣೆ ನಡೆಸಿತು. ಹದಿಹರೆಯದ ಇಬ್ಬರು ಹುಡುಗರು ನಡೆದದ್ದನ್ನು ಹೇಳಿದರು. ಅವರಲ್ಲೊಬ್ಬ ಇನ್ನೂ ಅಪಾಯದಲ್ಲಿದ್ದ ಬೇರೆ ಮಕ್ಕಳ ಹೆಸರನ್ನೂ ಕೊಟ್ಟ. ಅವರ ಮಾತನ್ನು ಬರೆದುಕೊಂಡವರಲ್ಲಿ ಮುಂದೆ ಕಾರ್ಡಿನಲ್ ಆದ ಶಾನ್ ಬ್ರೇಡಿ ಇದ್ದರು. ಹುಡುಗರನ್ನು ತಾವು ನಂಬಿದ್ದಾಗಿ ಅವರೇ ಆಮೇಲೆ ಹೇಳಿದ್ದಾರೆ. ನಂಬಿಯೂ ಆದದ್ದೇನು? ಗುಟ್ಟು ಕಾಯುವ ಪ್ರಮಾಣಕ್ಕೆ ಮಕ್ಕಳಿಂದ ಸಹಿ ಹಾಕಿಸಿ, ವರದಿಯನ್ನು ಬಿಷಪ್ಪರಿಗೆ ಒಪ್ಪಿಸಲಾಯಿತು. ಪೊಲೀಸರಿಗೆ ಸುದ್ದಿ ಹೋಗಲಿಲ್ಲ. ಸ್ಮಿತ್ ವರ್ಷಗಟ್ಟಲೆ ಮಕ್ಕಳ ನಡುವೆಯೇ ಓಡಾಡಿಕೊಂಡಿದ್ದು, ಕೊನೆಗೆ 1994ರಲ್ಲಿ ಬೆಲ್‌ಫಾಸ್ಟಿನಲ್ಲಿ ಜೈಲು ಸೇರಿದ. ದೇವರ ಹೆಸರಿನಲ್ಲಿ ಇಟ್ಟ ಆಣೆಯನ್ನು ಮುರಿಯುವುದು ನಂಬಿಕೆಯುಳ್ಳ ಮನೆಯ ಹುಡುಗನಿಗೆ ಪಾಪವೇ. ಅವನ ಭಕ್ತಿಯನ್ನೇ ಅವನ ಬಾಯಿಗೆ ಬೀಗ ಮಾಡಿದ್ದರು.

ಸರ್ಕಾರವೂ ಹಿಂದೆ ಬಿದ್ದಿರಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಬಗ್ಗೆ ಪೊಲೀಸ್ ಮುಖ್ಯಸ್ಥರೇ ಸಾಕ್ಷ್ಯ ನುಡಿದಿದ್ದ ಕ್ಯಾರಿಗನ್ ಸಮಿತಿಯ 1931ರ ವರದಿಯನ್ನು ಅದು ಪ್ರಕಟಿಸಲೇ ಇಲ್ಲ. ಬಾಲ್ಯದಲ್ಲಿ ವಸತಿ ಸಂಸ್ಥೆಗಳಲ್ಲಿ ದೌರ್ಜನ್ಯಕ್ಕೆ ಒಳಗಾದವರಿಗೆಂದು ತಂದ 2002ರ ಪರಿಹಾರ ಕಾಯ್ದೆಯಂತೂ ಹಣ ಕೊಟ್ಟ ಕೈಯಿಂದಲೇ ಬಾಯಿ ಮುಚ್ಚಿಸಿತು: ತಪ್ಪಿತಸ್ಥರ ಅಥವಾ ಸಂಸ್ಥೆಯ ಗುರುತು ಸಿಗುವಂತೆ ಅರ್ಜಿಯ ಮಾಹಿತಿ ಪ್ರಕಟಿಸಿದರೆ ದಂಡ, ಜೈಲು.

ಹಳೆಯ ನೆನಪು ಮಸುಕಾಗುತ್ತದೆ, ಸತ್ತ ಪಾದ್ರಿ ಉತ್ತರ ಕೊಡಲಾರ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸುಳ್ಳು ಆರೋಪ ಒಬ್ಬರ ಬದುಕನ್ನೇ ಹಾಳುಮಾಡಬಲ್ಲದು. ಆದರೆ ಡಬ್ಲಿನ್ ಧರ್ಮಪ್ರಾಂತಕ್ಕೆ ಬಂದ ಇಂಥ ದೂರುಗಳು ಏನಾದವೆಂದು ತನಿಖೆ ಮಾಡಿ 2009ರಲ್ಲಿ ಬಂದ ಮರ್ಫಿ ವರದಿ ನೊಂದವರ ನೆನಪನ್ನಷ್ಟೇ ನೆಚ್ಚಿಕೊಂಡದ್ದಲ್ಲ, ಚರ್ಚಿನ ಕಡತಗಳನ್ನೂ ಜಾಲಾಡಿತು. ದೂರು ಬಂದ ಕಾಲದಲ್ಲೇ ಬರೆದಿಟ್ಟ ಕಾಗದಗಳು ಅಲ್ಲಿದ್ದವು. ‘ಆ ಕಾಲದಲ್ಲಿ ಯಾರಿಗೂ ಇದರ ಅರಿವಿರಲಿಲ್ಲ’ ಎನ್ನುವ ಸಮರ್ಥನೆಯೂ ಅಲ್ಲೇ ಬಿದ್ದುಹೋಗುತ್ತದೆ: ಇಂಥ ಮೊಕದ್ದಮೆಗಳ ಖರ್ಚಿಗೆಂದು ಡಬ್ಲಿನ್ ಧರ್ಮಪ್ರಾಂತ 1987ರಲ್ಲೇ ವಿಮೆ ಮಾಡಿಸಿತ್ತು. ಅರಿವಿಲ್ಲದವರು ವಿಮೆ ಮಾಡಿಸುವುದಿಲ್ಲ.

ಇಷ್ಟಾದರೂ ಗುಟ್ಟೆಲ್ಲ ಚರ್ಚಿನ ಹಿತಕ್ಕೇ ಎಂದುಬಿಟ್ಟರೆ ನೊಂದವರಿಗೆ ಅನ್ಯಾಯವಾದೀತು. ಹೆಸರು ಹೊರಬೀಳದೆಂಬ ಭರವಸೆಯ ಮೇಲೆ ಸಾಕ್ಷ್ಯ ಕೊಟ್ಟವರು ಅನೇಕರಿದ್ದಾರೆ. 2019ರಲ್ಲಿ ವಸತಿ ಸಂಸ್ಥೆಗಳ ದೌರ್ಜನ್ಯದ ತನಿಖಾ ಆಯೋಗದ ಮತ್ತು 2002ರ ಕಾಯ್ದೆಯ ಪರಿಹಾರ ಮಂಡಳಿಯ ಕಡತಗಳನ್ನು 75 ವರ್ಷ ಮುಚ್ಚಿಡುವ ಮಸೂದೆ ತಂದ ಸರ್ಕಾರ ಈ ಭರವಸೆಯನ್ನೇ ಮುಂದಿಟ್ಟಿತು. ಅದನ್ನು ವಿರೋಧಿಸಿದವರಲ್ಲಿ ಸಾಕ್ಷ್ಯ ಹೇಳಿದವರೂ ಇದ್ದರು. ಮಸೂದೆ ಕಾಯ್ದೆಯಾಗುವ ಮುನ್ನವೇ, 2020ರಲ್ಲಿ, ಸಂಸತ್ತು ವಿಸರ್ಜನೆಯಾಗಿ ಬಿದ್ದುಹೋಯಿತು.